ಅಜ್ಜಿಯ ಹುಂಜವೂ ಕಾನ್ ಚಲಚ್ಚಿತ್ರೋತ್ಸವವೂ

ತನ್ನ ಹುಂಜ ಕೂಗಿದರೇ ಊರಿಗೆ ಬೆಳಗಾಗುವುದೆಂದು ನಂಬಿದ್ದ ಅಜ್ಜಿಯ ಕಥೆಯನ್ನು ವಾಚಕರು ಚಿಕ್ಕಂದಿನಲ್ಲಿ ಕೇಳಿರಬೇಕು. ಊರವರ ಮೇಲೆ ಮುನಿದು ಅವಳು ಹುಂಜವನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟುಹೋದಳು. ಆದರೂ ಸೂರ್ಯ ಹುಟ್ಟಿದ. ಅಜ್ಜಿಯ ಜಂಬ ಇಳಿಯಿತು. ನಮ್ಮ ಕಡೂರು ಸೀಮೆಯ ಎಮ್ಮೆದೊಡ್ಡಿಯಂಥ ಊರುಗಳಲ್ಲಿ ಮಕ್ಕಳಿಗೆ ಹೇಳುತ್ತಿದ್ದ ಈ ಕಥೆಗೂ ಫ್ರಾನ್ಸ್ ದೇಶಕ್ಕೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧ ಈಚೆಗೆ ಏರ್ಪಟ್ಟಿದೆ.

ಆ ದೇಶದ ಕಾನ್ ಪಟ್ಟಣದಲ್ಲಿ 1946ರಿಂದ ಅಂತರರಾಷ್ಟ್ರೀಯ ಚಲಚ್ಚಿತ್ರೋತ್ಸವ ನಡೆದುಬಂದಿದೆ. 2024ರ ಮೇ ತಿಂಗಳಲ್ಲಿ ಅಲ್ಲಿ ‘ಸೂರ್ಯಕಾಂತಿ ಹೂವಿಗೆ ಮೊದಲು ಗೊತ್ತಾಗಿದ್ದು’ ಎಂಬ ಹದಿನಾರು ನಿಮಿಷದ ಕನ್ನಡ ಚಿತ್ರಕ್ಕೆ ಬಹುಮಾನ ಬಂದಿತು. ನಿರ್ದೇಶಕರು ಚಿದಾನಂದ ಎಸ್. ನಾಯ್ಕ, ಮೈಸೂರಿನಲ್ಲಿ ವೈದ್ಯಶಾಸ್ತ್ರ ಓದಿ, ಅನಂತರ ಪುಣೆಯ ಚಲಚ್ಚಿತ್ರ ಸಂಸ್ಥೆಯನ್ನು ಸೇರಿದವರು.

ಬಹುಮಾನವೆಂದರೆ ಯಾವುದು ಎಂಬುದನ್ನು ಇಲ್ಲಿ ತಿಳಿದುಕೊಳ್ಳಬೇಕು. ಕಾನ್ ಉತ್ಸವದ ಅತ್ಯುನ್ನತ ಪ್ರಶಸ್ತಿ ‘ಚಿನ್ನದ ತಾಳೆಗರಿ’. ಅದು ದೊಡ್ಡ ಚಿತ್ರಗಳ ಸ್ಪರ್ಧೆಗೆ ಸಲ್ಲುವಂಥದು. ವಿದ್ಯಾರ್ಥಿಗಳ ಚಿತ್ರಗಳಿಗೆ ‘ಲಾ ಸಿನೆಫ್’ ಎಂಬ ಬೇರೊಂದು ವಿಭಾಗವುಂಟು. ಆ ವರ್ಷ ಲೋಕದ 555 ಚಿತ್ರಶಾಲೆಗಳಿಂದ 2,263 ಚಿತ್ರಗಳು ಬಂದಿದ್ದುವು, ಆಯ್ದುದು 18. ಬೆಲ್ಜಿಯಂ ದೇಶದ ನಟಿ ಲುಬ್ನಾ ಅಜಾಬಲ್ ಅವರ ಅಧ್ಯಕ್ಷತೆಯ ಐವರ ಮಂಡಲಿ ಅವನ್ನು ನೋಡಿ ಕನ್ನಡ ಚಿತ್ರಕ್ಕೆ ಮೊದಲನೆಯ ಸ್ಥಾನವನ್ನೂ 15,000 ಯೂರೋಗಳನ್ನೂ ಕೊಟ್ಟಿತು.

ಚಿತ್ರದಲ್ಲಿ ಕಥೆ ತಿರುಗಿಕೊಂಡಿದೆ. ಮುದುಕಿ ಊರಿನ ಹುಂಜವನ್ನು ಕದಿಯುತ್ತಾಳೆ. ಊರು ನಿಜವಾಗಿಯೇ ಮುಗಿಯದ ಕತ್ತಲಲ್ಲಿ ಮುಳುಗುತ್ತದೆ. ನಾವು ನಕ್ಕು ಬಿಟ್ಟ ನಂಬಿಕೆಯೇ ಅಲ್ಲಿ ಸತ್ಯ. ಕನ್ನಡವನ್ನರಿಯದ ತೀರ್ಪುಗಾರರಿಗೂ ಅದು ಮುಟ್ಟಿತು.

ಇದೊಂದೇ ಅಲ್ಲ. ಮಂಡ್ಯ ಜಿಲ್ಲೆಯ ಹಳ್ಳಿಯಲ್ಲಿ ಊರವರನ್ನೇ ಪಾತ್ರಧಾರಿಗಳಾಗಿಸಿ ರಾಮ್ ರೆಡ್ಡಿಯವರು ಮಾಡಿದ ‘ತಿಥಿ’ ಚಿತ್ರಕ್ಕೆ 2015ರಲ್ಲಿ ಸ್ವಿಟ್ಸರ್ಲೆಂಡಿನ ಲೊಕಾರ್ನೊ ಉತ್ಸವದ ಹೊಸ ನಿರ್ದೇಶಕರ ವಿಭಾಗದಲ್ಲಿ ಚಿನ್ನದ ಚಿರತೆ ದೊರೆಯಿತು. ಕೊಪ್ಪಳ ಜಿಲ್ಲೆಯ ಹಳ್ಳಿಯ ಹೆಂಗಸೊಬ್ಬಳ ಕಥೆಯಾದ ‘ಶಿವಮ್ಮ’ 2022ರಲ್ಲಿ ಕೊರಿಯದ ಬೂಸಾನ್ ಉತ್ಸವದಲ್ಲಿ ಪ್ರಶಸ್ತಿ ಪಡೆಯಿತು. ಹೊರಗಿನವರು ಮೆಚ್ಚಲೆಂದು ಹೊರಗಿನದನ್ನು ಅನುಕರಿಸಿದವು ಇವಲ್ಲ. ಒಂದು ಊರಿನ ಮಾತನ್ನು ಆ ಊರಿನವರಂತೆಯೇ ಆಡಿದವು.

ಆ ಜೂನಿನಲ್ಲಿ ಶಾಲೆ ತೆರೆದಾಗ ತರಗತಿಯಲ್ಲಿ, ‘ಹುಂಜದಜ್ಜಿಯ ಕಥೆ ಯಾರಿಗೆ ಗೊತ್ತು?’ ಎಂದು ಕೇಳಿದೆ. ಮೂವರು ಮಾತ್ರ ಕೈಯೆತ್ತಿದರು. ಉಳಿದವರಿಗೆ, ‘ಮನೆಯಲ್ಲಿ ಹಿರಿಯರನ್ನು ಕೇಳಿಕೊಂಡು ಬನ್ನಿರಪ್ಪಾ’ ಎಂದೆ. ಮಾರನೆಯ ದಿನ ಹನ್ನೊಂದು ಕಥೆಗಳು ಬಂದುವು, ಒಂದರಂತೆ ಇನ್ನೊಂದಿರಲಿಲ್ಲ. ಒಂದರಲ್ಲಿ ಊರವರೇ ಹೋಗಿ ಅಜ್ಜಿಯನ್ನು ಕರೆತರುತ್ತಾರೆ. ಕೊನೆಯ ಸಾಲಿನ ಹುಡುಗಿಯೊಬ್ಬಳು ಎದ್ದುನಿಂತು, ‘ನಮ್ಮಜ್ಜಿ ಹೋದ ವರ್ಷ ತೀರಿಕೊಂಡ್ರು ಸಾರ್, ಕೇಳೋಕೆ ಯಾರೂ ಇಲ್ಲ’ ಎಂದಳು. ನನಗೆ ಉತ್ತರ ಹೊಳೆಯಲಿಲ್ಲ.

ಕಾನ್ ಉತ್ಸವ ವರ್ಷವರ್ಷವೂ ಬರುತ್ತದೆ. ನಿಮ್ಮ ಮನೆಯಲ್ಲಿ ಕಥೆ ಬಲ್ಲವರೊಬ್ಬರು ಇನ್ನೂ ಇದ್ದರೆ, ಈ ರಾತ್ರಿ ಊಟವಾದ ಮೇಲೆ ಮಕ್ಕಳನ್ನು ಅವರ ಬಳಿ ಕೂಡಿಸಿರಿ.