ನಮೂನೆಯೊಳಗಿನ ಒಂದು ಪ್ರಶ್ನೆ

ಕಳವು, ಹೊಡೆದಾಟದ ಪ್ರಕರಣದಲ್ಲಿ ರೋಣ, ನರಗುಂದ ಇಲ್ಲವೇ ಗಜೇಂದ್ರಗಡದ ಹುಡುಗನೊಬ್ಬ ಬಾಲ ನ್ಯಾಯ ಮಂಡಳಿಯ ಮುಂದೆ ಬಂದರೆ, ಪರಿವೀಕ್ಷಣಾಧಿಕಾರಿ 15 ದಿನಗಳೊಳಗೆ ಅವನ ಸಾಮಾಜಿಕ ತನಿಖಾ ವರದಿ ಕೊಡಬೇಕು. 2016ರ ಮಾದರಿ ನಿಯಮಗಳ ಪ್ರಕಾರ ಅದಕ್ಕೆಂದೇ 6ನೇ ನಮೂನೆಯಿದೆ. ಮನೆ, ಶಾಲೆ, ಗೆಳೆಯರ ವಿವರಗಳ ನಡುವೆ ಅಲ್ಲೊಂದು ಪ್ರಶ್ನೆ ಇದೆ: ಈ ಮಗು ಬೈಗುಳ, ಹೊಡೆತ, ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದೆಯೇ? ಆರೋಪ ಹೊತ್ತ ಮಗುವಿಗೆ ಆದದ್ದೇನು ಎಂದು ಕೇಳುವುದನ್ನು ಕಾನೂನು ಕಲಿತದ್ದು ಬಲು ನಿಧಾನವಾಗಿ.

1897ರ ಸುಧಾರಣಾ ಶಾಲೆಗಳ ಕಾಯಿದೆ 15ರೊಳಗಿನ ಹುಡುಗರನ್ನು 3ರಿಂದ 7 ವರ್ಷ ಕೂಡಿಹಾಕಲು ಒಪ್ಪಿತ್ತು. ಶಿಸ್ತು, ಕಸುಬು ಕಲಿಸಿದರೆ ಸಾಕೆಂಬುದು ಆಗಿನ ನಂಬಿಕೆ. ರೋಣದ ಸೀಮೆ ಮುಂಬೈ ಪ್ರಾಂತ್ಯದಲ್ಲಿದ್ದಾಗ, 1924ರಲ್ಲಿ, ಅಲ್ಲಿನ ಮಕ್ಕಳ ಕಾಯಿದೆ ಬಂತು. 1986ರ ಕೇಂದ್ರ ಬಾಲ ನ್ಯಾಯ ಕಾಯಿದೆ ಹುಡುಗರಿಗೆ ಇಟ್ಟಿದ್ದ 16ರ ವಯೋಮಿತಿಯನ್ನು 2000ದ ಕಾಯಿದೆ 18ಕ್ಕೆ ಏರಿಸಿತು. 2012ರ ದೆಹಲಿ ಸಾಮೂಹಿಕ ಅತ್ಯಾಚಾರ ಪ್ರಕರಣದ ಆಕ್ರೋಶದ ಬೆನ್ನಿಗೆ ಬಂದ 2015ರ ಕಾಯಿದೆ, ಘೋರ ಅಪರಾಧದ ಆರೋಪವಿರುವ 16–18ರವರ ಮಾನಸಿಕ ಸಾಮರ್ಥ್ಯವನ್ನು ಅಳೆಯಲು ಹೇಳಿತು. ಮಂಡಳಿಯಲ್ಲಿ ಮಕ್ಕಳ ಮನಃಶಾಸ್ತ್ರ ಓದಿದವರಿಲ್ಲದಿದ್ದರೆ ತಜ್ಞರ ನೆರವು ಕಡ್ಡಾಯವೆಂದು 2022ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು.

ನಮೂನೆಯ ಆ ಪ್ರಶ್ನೆ ಕೇಳಲು ಕಾರಣವಿದೆ. 1995–98ರಲ್ಲಿ ಷಿಕಾಗೋದ ಬಂಧನಗೃಹವೊಂದರಲ್ಲಿ 1,829 ಎಳೆಯರನ್ನು ಸಂಶೋಧಕರು ಮಾತನಾಡಿಸಿದರು. ಹುಡುಗರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು, ಹುಡುಗಿಯರಲ್ಲಿ ಮುಕ್ಕಾಲು ಪಾಲಿನ ಹತ್ತಿರ ಮಾನಸಿಕ ಕಾಯಿಲೆಯಿಂದ ನರಳುತ್ತಿದ್ದರು. ದೌರ್ಜನ್ಯವೂ ಮನಸ್ಸಿಗೆ ಗಾಯ ಮಾಡಬಲ್ಲದು: ಏಟು ತಿಂದು ಬೆಳೆದ ಮಗು ಸದಾ ಎಚ್ಚರದಲ್ಲಿರಬಹುದು. ಎತ್ತಿದ ಕೈ ಬರೀ ಕರೆಯಲು ಎತ್ತಿದ್ದಾದರೂ ಅದಕ್ಕೆ ಹೊಡೆತವೇ ಕಾಣುತ್ತದೆ. ಆಗ ಅದು ತಿರುಗಿಬಿದ್ದರೆ ದಾಖಲೆ ‘ಒರಟು ಸ್ವಭಾವ’ ಎಂದು ಬರೆದುಕೊಳ್ಳುತ್ತದೆ.

ಪೆಟ್ಟು ತಿಂದವರೆಲ್ಲ ತಪ್ಪು ಮಾಡುತ್ತಾರೆಯೇ, ಇಂಥ ಹುಡುಗನಿಂದ ನೊಂದವರ ಗತಿಯೇನು ಎಂದು ಕೇಳುವವರಿದ್ದಾರೆ. ನ್ಯಾಯವಾದ ಮಾತು. ನೋವುಂಡ ಬಹುಪಾಲು ಮಕ್ಕಳು ಯಾರಿಗೂ ಕೇಡು ಬಗೆಯುವುದಿಲ್ಲ. ಆದರೆ ಕಾರಣ ಹುಡುಕುವುದೆಂದರೆ ತಪ್ಪನ್ನು ಮನ್ನಿಸುವುದಲ್ಲ. ಗಾಯ ಮಾಯದ ಹುಡುಗ ಹೊರಬಂದು ಮತ್ತೆ ಕೈಯೆತ್ತಿದರೆ ನೋಯುವವರು ಊರಿನವರೇ. ನೊಂದವರ ಪರ ನಿಲ್ಲುವವರಿಗೂ ಅವನ ಚಿಕಿತ್ಸೆ ಬೇಕು.

ರೋಣ, ನರಗುಂದದ ಸೀಮೆಯಲ್ಲಿ ಆ ಪ್ರಶ್ನೆಗೆ ಉತ್ತರ ಪಡೆಯುವ ತೊಡಕು ಬೇರೆಯೇ ಇದೆ. ತಂದೆತಾಯಿ ಗೋವೆಗೆ ಗುಳೆ ಹೋಗಿದ್ದರೆ ಬಾಗಿಲಿಗೆ ಬೀಗ. ಪಕ್ಕದ ಮನೆಯ ಅಜ್ಜಿ ‘ಹುಡುಗ ಚಲೋನ ಇದ್ದ’ ಎಂದಷ್ಟೇ ಹೇಳಿಯಾಳು. ಆ ಒಂದು ಮಾತಿನ ಮೇಲೆ ‘ದೌರ್ಜನ್ಯ: ಇಲ್ಲ’ ಎಂದು ಬರೆದರೆ ಇಷ್ಟು ವರ್ಷಗಳ ಕಾನೂನಿನ ಕಲಿಕೆ ನೀರಲ್ಲಿ ಹೋಮ. ಅಧಿಕಾರಿ ಎರಡನೇ ಸಲ ಊರಿಗೆ ಹೋಗಬೇಕು, ಹುಡುಗನೊಬ್ಬನನ್ನೇ ಕೂರಿಸಿಕೊಂಡು ಕೇಳಬೇಕು, ಬೇಕಾದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕಳಿಸಬೇಕು. ಹಾಗೆ ಕೇಳಿ ಬರೆದ ‘ಇಲ್ಲ’ಕ್ಕೆ ಮಾತ್ರ ಬೆಲೆ.