ಹ್ಯಾರಿ ಪಾಟರ್ ಬಿಟ್ಟು ಬೇರೆ ಹೇಳ್ರಿ

‘ಸರ್, ನಮ್ಮ ಹುಡುಗಗ ಒಂದು ಚಲೋ ಪುಸ್ತಕ ಹೇಳ್ರಿ. ಮಾಟ, ಮಂತ್ರ, ರಾಕ್ಷಸ ಎಲ್ಲಾ ಇರಬೇಕು. ಹ್ಯಾರಿ ಪಾಟರ್ ಬಿಟ್ಟು ಬೇರೆ.’

ಪುಣೆಯ ನಮ್ಮ ಸೊಸೈಟಿಯ ಲಿಫ್ಟಿನಲ್ಲಿ ಹೀಗೆ ಕೇಳಿದವರು ಮೂರನೇ ಮಹಡಿಯ ವಿಜಯಪುರದವರು. ಕ್ಲಬ್‌ಹೌಸಿನ ಮೂಲೆಯಲ್ಲಿರುವ ಎರಡು ಕಪಾಟು ಪುಸ್ತಕಗಳ ಉಸ್ತುವಾರಿ ನನ್ನದು. ಅದೊಂದೇ ಕಾರಣಕ್ಕೆ ಇಂಥ ಪ್ರಶ್ನೆಗಳು ನನ್ನ ಬಳಿ ಬರುತ್ತವೆ. ವೃತ್ತಿಯಿಂದ ನಾನು ಚಾಕಣ್‌ನ ವಾಹನ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ತಪಾಸಣೆ ಮಾಡುವವನು. ಕಂಪನಿ ಬಸ್ಸಿನಲ್ಲಿ ಹೋಗಿಬರಲು ದಿನಕ್ಕೆ ಎರಡೂವರೆ ಗಂಟೆ ಹಿಡಿಯುತ್ತದೆ. ಮಕ್ಕಳ ಪುಸ್ತಕಗಳನ್ನು ನಾನು ಓದುವುದು ಅಲ್ಲಿಯೇ. ಮುಖಪುಟದ ಡ್ರ್ಯಾಗನ್ ನೋಡಿ ಪಕ್ಕದ ಸೀಟಿನವರು ನಗುವುದು ಈಗ ರೂಢಿಯಾಗಿದೆ.

‘ನಿಮ್ಮ ಹುಡುಗಗ ಏನು ಕಂಡ್ರ ಅಂಜಿಕಿ?’ ಎಂದು ಕೇಳಿದೆ. ಅವರು ನನ್ನನ್ನೇ ಒಂದು ಕ್ಷಣ ನೋಡಿದರು. ಪುಸ್ತಕ ಕೇಳಿದರೆ ಈ ಮನುಷ್ಯ ಹೆದರಿಕೆ ಕೇಳುತ್ತಾನಲ್ಲ ಎನ್ನಿಸಿರಬೇಕು.

ನಾನು ಹಾಗೆ ಕೇಳಲು ಕಲಿತದ್ದು ಕೈ ಸುಟ್ಟುಕೊಂಡ ಮೇಲೆ. ಮಗಳ ಹತ್ತನೇ ಹುಟ್ಟುಹಬ್ಬಕ್ಕೆ ಅಪ್ಪಾ ಬಳವಂತ ಚೌಕಿನ ಅಂಗಡಿಗಳನ್ನೆಲ್ಲ ಸುತ್ತಿ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನ ಮೂರೂ ಸಂಪುಟ ತಂದಿದ್ದೆ. ಹುಬ್ಬಳ್ಳಿಯ ಹಾಸ್ಟೆಲಿನಲ್ಲಿ ಪರೀಕ್ಷೆ ಬದಿಗಿಟ್ಟು ಓದಿದ ಪುಸ್ತಕ ಅದು. ಅವಳಿಗೂ ಹಾಗೇ ಹುಚ್ಚು ಹಿಡಿಯಲಿ ಎಂಬ ಆಸೆ. ಆದರೆ ಅದು ಶುರುವಾಗುವುದೇ ಹಾಬಿಟ್‌ಗಳ ಕುಲಗೋತ್ರ, ಅವರು ಸೇದುವ ತಂಬಾಕಿನ ಚರಿತ್ರೆಯಿಂದ. ನಲವತ್ತು ಪುಟಕ್ಕೆ ಅವಳು ಸುಸ್ತಾದಳು. ನಾನು ಬಿಡಬೇಕಲ್ಲ? ಸಂಜೆ ಬೂಟು ಬಿಚ್ಚುವ ಮೊದಲೇ ‘ಎಲ್ಲಿಗೆ ಬಂತು?’ ಎಂದು ಕೇಳುತ್ತಿದ್ದೆ. ಕಾರ್ಖಾನೆಯ ತಪಾಸಣೆಯನ್ನು ಮನೆಗೂ ತಂದಿದ್ದೆ. ಒಂದು ದಿನ ಮೂರೂ ಸಂಪುಟ ಹಾಸಿಗೆಯ ಪೆಟ್ಟಿಗೆಯಲ್ಲಿ ಚಳಿಗಾಲದ ರಗ್ಗುಗಳ ಕೆಳಗೆ ಸಿಕ್ಕವು. ಆಮೇಲೆ ಹೆಚ್ಚುಕಡಿಮೆ ಒಂದು ವರ್ಷ ಅವಳು ದಪ್ಪ ಪುಸ್ತಕ ಮುಟ್ಟಲಿಲ್ಲ. ತಪ್ಪು ಟೋಲ್ಕಿನ್ನನದಲ್ಲ.

ಅದೇ ಟೋಲ್ಕಿನ್ 1937ರಲ್ಲಿ ಪ್ರಕಟಿಸಿದ ‘ದಿ ಹಾಬಿಟ್’ನಿಂದ ನಾನು ಶುರು ಮಾಡಬೇಕಿತ್ತು. ಆಕ್ಸ್‌ಫರ್ಡಿನ ಆ ಮೇಷ್ಟ್ರು ಅದನ್ನು ತಮ್ಮ ಮಕ್ಕಳಿಗೂ ಹೇಳಿದ್ದರು. ಹಾಗಾಗಿ ಓದುವಾಗ ಎದುರಿಗೆ ಯಾರೋ ಕುಳಿತು ಕಥೆ ಹೇಳುತ್ತಿದ್ದಾರೆ ಎನಿಸುತ್ತದೆ. ನಾಯಕ ಬಿಲ್ಬೊನಿಗೆ ಮನೆ, ಚಹಾ, ಕೇಕು ಬಿಟ್ಟರೆ ಬೇರೆ ಲೋಕ ಬೇಡ. ಕರೆಯದೆ ಬಂದ ಹದಿಮೂರು ಕುಳ್ಳರು ಅವನ ಉಗ್ರಾಣ ಖಾಲಿ ಮಾಡುವ ಮೊದಲ ಅಧ್ಯಾಯ ಓದಿದರೆ ಮದುವೆಮನೆ ನೆನಪಾಗುತ್ತದೆ. ಎಂಟು-ಒಂಬತ್ತರ ಮಕ್ಕಳಿಗೆ ದೊಡ್ಡವರೇ ಗಟ್ಟಿಯಾಗಿ ಓದಿ ಹೇಳಲು ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಮಗಳನ್ನು ಪುಸ್ತಕಕ್ಕೆ ಮರಳಿ ತಂದದ್ದು ಮಾತ್ರ ಬೇರೆಯೇ ಒಂದು. ಏಳನೇ ತರಗತಿಗೆ ಶಾಲೆ ಬದಲಿಸಿದ್ದೆವು. ಹೊಸ ತರಗತಿಯಲ್ಲಿ ಅವಳ ಮರಾಠಿಯನ್ನು ಅಣಕಿಸುವ ಇಬ್ಬರು ಹುಡುಗಿಯರಿದ್ದರು. ಇವಳೂ ಸುಮ್ಮನಿರದೆ ಒಂದು ದಿನ ಆಡಬಾರದ ಮಾತು ಆಡಿ ಬಂದಿದ್ದಳು, ರಾತ್ರಿ ನಿದ್ದೆಯಿಲ್ಲ. ಆ ವಾರ ಉರ್ಸುಲಾ ಲೆ ಗ್ವಿನ್ ಅವರ ‘ಎ ವಿಝರ್ಡ್ ಆಫ್ ಅರ್ತ್‌ಸೀ’ಯನ್ನು ಮೇಜಿನ ಮೇಲೆ ಇಟ್ಟು ಸುಮ್ಮನಾದೆ. 1968ರ ಪುಸ್ತಕ, ಇನ್ನೂರು ಪುಟ ಚಿಲ್ಲರೆ. ಗೆಡ್ ಎಂಬ ಕಂದುಬಣ್ಣದ, ಆಡು ಕಾಯುವ ಹುಡುಗ ಮಾಂತ್ರಿಕರ ಶಾಲೆ ಸೇರುತ್ತಾನೆ. ಹಂಗಿಸಿದವನ ಎದುರು ಜಂಬ ತೋರಿಸಲು ಹೋಗಿ ಕರೆಯಬಾರದ್ದನ್ನು ಕರೆಯುತ್ತಾನೆ. ಹೊರಬಂದ ಕರಿನೆರಳು ಅವನ ಬೆನ್ನು ಹತ್ತುತ್ತದೆ. ಅದರಿಂದ ಓಡಿ ಓಡಿ ಸಾಕಾಗಿ, ಕೊನೆಗೆ ತಾನೇ ಅದನ್ನು ಅಟ್ಟಿಸಿಕೊಂಡು ಹೋಗುವುದೇ ಕಥೆ. ಹ್ಯಾರಿ ಪಾಟರ್ ಹುಟ್ಟುವ ಸುಮಾರು ಮೂವತ್ತು ವರ್ಷ ಮೊದಲು ಬಂದ ಮಾಂತ್ರಿಕರ ಶಾಲೆ ಇದು!

ಆ ಲೋಕದಲ್ಲಿ ಎಲ್ಲರಿಗೂ ಎರಡು ಹೆಸರು. ಊರವರು ಕರೆಯುವುದೊಂದು, ಇನ್ನೊಂದು ನಿಜದ ಹೆಸರು, ತೀರ ನಂಬಿದವರಿಗಷ್ಟೇ ಹೇಳುವಂಥದ್ದು. ನಾಲ್ಕನೇ ದಿನ ಊಟಕ್ಕೆ ಕುಳಿತಾಗ ಮಗಳು, ‘ಅಪ್ಪಾ, ಅಜ್ಜಿ ನನಗ ಬಂಗಾರಿ ಅಂತಾಳಲ್ಲ, ಅದನ್ನ ಶಾಲ್ಯಾಗ ಯಾರಿಗೂ ಹೇಳಿಲ್ಲ ನಾನು’ ಎಂದಳು. ನಾನು ‘ಎಲ್ಲಿಗೆ ಬಂತು’ ಎಂದು ಕೇಳಲಿಲ್ಲ.

ವಿಜಯಪುರದವರ ಮಗನ ವಿಷಯಕ್ಕೆ ಬರುತ್ತೇನೆ. ಸಾಲುಗಳು ಕಣ್ಣೆದುರು ಕುಣಿಯುತ್ತವೆ, ತರಗತಿಯಲ್ಲಿ ಎದ್ದು ನಿಂತು ಓದು ಎಂದರೆ ಬೆವರುತ್ತಾನೆ ಎಂದು ಅವನ ತಾಯಿ ಆಮೇಲೆ ಹೇಳಿದರು. ಅವನಿಗೆ ಕೊಟ್ಟದ್ದು ರಿಕ್ ರಿಯೊರ್ಡನ್ ಅವರ ‘ದಿ ಲೈಟ್ನಿಂಗ್ ಥೀಫ್’ (2005). ಡಿಸ್ಲೆಕ್ಸಿಯಾ ಇದ್ದ ತಮ್ಮ ಮಗನಿಗೆ ಮಲಗುವ ಹೊತ್ತಿನಲ್ಲಿ ಹೇಳುತ್ತಿದ್ದ ಕಥೆಯನ್ನೇ ಅವರು ಕಾದಂಬರಿ ಮಾಡಿದ್ದು. ನಾಯಕ ಪರ್ಸಿಗೂ ಇಂಗ್ಲಿಷ್ ಅಕ್ಷರಗಳು ತೇಲಾಡುತ್ತವೆ, ಯಾಕೆಂದರೆ ದೇವಪುತ್ರನಾದ ಅವನ ತಲೆ ಪ್ರಾಚೀನ ಗ್ರೀಕಿಗೆ ಹೊಂದಿಕೊಂಡದ್ದು! ಭಾಷೆಯ ಸೊಗಸು ಲೆ ಗ್ವಿನ್‌ಗೆ ಸಾಟಿಯಲ್ಲ, ಇರಲಿ. ಹುಡುಗ ಒಂದೂವರೆ ತಿಂಗಳು ತೆಗೆದುಕೊಂಡ. ವಾಪಸು ತಂದಾಗ ಎರಡನೇ ಭಾಗ ಇದೆಯೇ ಎಂದ.

ನಮ್ಮಂತೆ ಹೊರರಾಜ್ಯದಲ್ಲಿದ್ದು ಮಕ್ಕಳ ಬಾಯಲ್ಲಿ ನಾಲ್ಕು ಭಾಷೆ ಕಲಸಿಹೋಗಿರುವವರಿಗೆ ಸಲ್ಮಾನ್ ರಶ್ದಿಯವರ ‘ಹಾರೂನ್ ಆ್ಯಂಡ್ ದಿ ಸೀ ಆಫ್ ಸ್ಟೋರೀಸ್’ (1990) ಹೇಳುತ್ತೇನೆ. ಜೀವಭಯದಿಂದ ಅಜ್ಞಾತವಾಸದಲ್ಲಿದ್ದಾಗ ಅವರು ಮಗನಿಗಾಗಿ ಬರೆದದ್ದು. ಕಥೆ ಹೇಳುವ ಅಪ್ಪನ ಬಾಯಿ ಕಟ್ಟಿಹೋಗುತ್ತದೆ. ಅದನ್ನು ಮರಳಿ ತರಲು ಮಗ ಹೊರಡುತ್ತಾನೆ. ಖಳನ ಹೆಸರು ಖತಮ್-ಶುದ್. ಅಲ್ಲಿನ ಹೆಸರುಗಳಿಗೆ ಲಂಡನ್ನಿನ ಮಕ್ಕಳಿಗಿಂತ ಮೊದಲು ಪುಣೆಯ ಮಕ್ಕಳು ನಗುತ್ತಾರೆ.

ಹಾಗಾದರೆ ಕನ್ನಡದಲ್ಲಿ? ನನ್ನ ಕಪಾಟಿನ ಮಟ್ಟಿಗೆ ಹೇಳುವುದಾದರೆ, ಹನ್ನೆರಡು-ಹದಿಮೂರರ ಮಕ್ಕಳು ಹಟ ಹಿಡಿದು ಓದುವಂಥ ದಪ್ಪ ಫ್ಯಾಂಟಸಿ ಕಾದಂಬರಿ ಬಹಳ ಕಡಿಮೆ. ಇದು ನನ್ನ ದೂರೂ ಹೌದು. ಸಣ್ಣವರಿಗೆ ಕುವೆಂಪು ಅವರ ಕಿಂದರಿಜೋಗಿಯಿದ್ದಾನೆ. ಇಂಗ್ಲಿಷಿನ ಆಲಿಸಳನ್ನು ನಾ. ಕಸ್ತೂರಿಯವರು ‘ಪಾತಾಳದಲ್ಲಿ ಪಾಪಚ್ಚಿ’ ಮಾಡಿದ್ದಾರೆ. ಹೆಸರು ಕೇಳಿಯೇ ಮಕ್ಕಳು ಹತ್ತಿರ ಬರುತ್ತಾರೆ. ಆದರೆ ನನ್ನ ಮಗಳು ಕನ್ನಡ ಮಾತಾಡುತ್ತಾಳೆ, ಓದುವಾಗ ಒತ್ತಕ್ಷರಕ್ಕೊಮ್ಮೆ ಎಡವುತ್ತಾಳೆ. ಅವಳ ಬುದ್ಧಿಗೆ ತಕ್ಕ ಪುಸ್ತಕ ಅವಳ ಓದಿಗೆ ಸಿಗುವುದಿಲ್ಲ. ಆದ್ದರಿಂದ ತೇಜಸ್ವಿಯವರ ‘ಕರ್ವಾಲೊ’ವನ್ನು ನಾನೇ ದಿನಕ್ಕೆ ಹತ್ತು ಪುಟದಂತೆ ಓದಿ ಹೇಳಿದೆ. ಅದು ಫ್ಯಾಂಟಸಿ ಅಲ್ಲ, ಗೊತ್ತು. ಆದರೆ ಹಾರುವ ಓತಿಯ ಬೆನ್ನು ಹತ್ತಿ ಕಾಡಿಗೆ ನುಗ್ಗುವವರಿಗೆ ಡ್ರ್ಯಾಗನ್ ಯಾಕೆ ಬೇಕು? ಬಿರಿಯಾನಿ ಕರಿಯಪ್ಪನ ಹೆಸರಿಗೇ ಅರ್ಧ ಗಂಟೆ ನಕ್ಕಳು.

ಇದನ್ನು ಧಾರವಾಡದಲ್ಲಿರುವ ಅವ್ವನಿಗೆ ಫೋನಿನಲ್ಲಿ ಹೇಳಿದೆ. ‘ಪುಸ್ತಕ ಯಾಕ ಬೇಕೋ, ನಾ ಹೇಳ್ತೀನಿ ಕೊಡು’ ಎಂದು ಮೊಮ್ಮಗಳನ್ನು ಕರೆಸಿಕೊಂಡಳು. ಶುರು ಮಾಡಿದ್ದು ಹೂವಿನ ಗಿಡವಾಗುವ ಹುಡುಗಿಯ ಕಥೆ. ಎ.ಕೆ. ರಾಮಾನುಜನ್ ಸಂಗ್ರಹಿಸಿ ಇಂಗ್ಲಿಷಿಗೆ ಕೊಟ್ಟ, ಕಾರ್ನಾಡರು ‘ಚೆಲುವಿ’ ಸಿನಿಮಾ ಮಾಡಿದ ಕಥೆಯೇ ಅದು. ಅವ್ವನಿಗೆ ಇಬ್ಬರೂ ಗೊತ್ತಿಲ್ಲ. ಅವಳಿಗೆ ಹೇಳಿದ್ದು ಅವಳ ಅವ್ವ. ಒಂದು ಕೊಡ ನೀರು ಸುರಿದರೆ ಹುಡುಗಿ ಗಿಡವಾಗುತ್ತಾಳೆ, ಇನ್ನೊಂದು ಸುರಿದರೆ ಮತ್ತೆ ಹುಡುಗಿ. ಹೂವು ಮಾತ್ರ ನೋವಾಗದಂತೆ ಬಿಡಿಸಬೇಕು.

‘ಟೊಂಗಿ ಮುರೀಬ್ಯಾಡ್ರಿ ಅಂತ ಕೈ ಮುಗದು ಹೇಳಿದ್ಲು ಬಂಗಾರಿ. ಆದ್ರ ಆ ರಾಜನ ಮಗಳು ಕೇಳಬೇಕಲ್ಲ...’

ಅಷ್ಟರಲ್ಲಿ ಕರೆ ಕಟ್ಟಾಯಿತು. ಅವ್ವನ ಫೋನಿನ ಚಾರ್ಜು ಮುಗಿದಿರಬೇಕು. ಮಗಳು ಫೋನು ಹಿಡಿದು ಹಾಗೇ ಕುಳಿತಿದ್ದಳು. ಮುಂದೇನಾಯಿತು ಎಂದು ನನ್ನನ್ನು ಕೇಳಿದಳು. ನನಗೆ ಗೊತ್ತಿತ್ತು, ಹೇಳಲಿಲ್ಲ. ಮರುದಿನ ಶಾಲೆಯಿಂದ ಬಂದವಳು ಬ್ಯಾಗನ್ನೂ ಇಳಿಸದೆ ತಾನೇ ಅಜ್ಜಿಗೆ ಫೋನ್ ಹಚ್ಚಿದಳು.