ಬೆಂಕಿರೋಗ: ಒಂದು ಹೆಸರು, ಹಲವು ವಂಶಗಳು

ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ರಾಗಿ ಮತ್ತು ಭತ್ತಗಳು ಪ್ರತಿಸ್ಪರ್ಧಿಗಳು. ಆದರೆ ಈ ಎರಡೂ ಧಾನ್ಯಗಳನ್ನು ಕಾಡುವ ಶಿಲೀಂಧ್ರ ಮಾತ್ರ ಒಂದೇ. ಎಲೆಗಳ ಮೇಲೆ ವಜ್ರಾಕಾರದ ಕಲೆಗಳನ್ನು ಮೂಡಿಸಿ ಪೈರನ್ನು ಸುಟ್ಟಂತೆ ಮಾಡುವ, ತೆನೆಯ ಕುತ್ತಿಗೆಯನ್ನು ಕಪ್ಪಾಗಿಸಿ ಕಾಳು ಜೊಳ್ಳಾಗಿಸುವ ಈ ಪಿಡುಗನ್ನು ನಮ್ಮ ರೈತರು ‘ಬೆಂಕಿರೋಗ’ವೆಂದು ಕರೆಯುತ್ತಾರೆ. ಇದರ ಕಾರಕವಾದ ಶಿಲೀಂಧ್ರಕ್ಕೆ ಮ್ಯಾಗ್ನಪೋರ್ಥೆ ಒರೈಝೆ ಎಂಬ ವೈಜ್ಞಾನಿಕ ಹೆಸರಿದೆ. ಹೆಸರು ಒಂದಾದರೂ ಇದರೊಳಗೆ ಹಲವು ವಂಶಗಳಿವೆ. ಆ ವೈವಿಧ್ಯದ ಅರ್ಥವನ್ನು ತಿಳಿಯುವುದು ಪ್ರಸ್ತುತ ಲೇಖನದ ಉದ್ದೇಶ.

ಭತ್ತಕ್ಕೆ ಹೊಂದಿಕೊಂಡ ವಂಶವು ಸಾಮಾನ್ಯವಾಗಿ ರಾಗಿಯನ್ನು ಬಾಧಿಸದು. ರಾಗಿಯದು ಭತ್ತವನ್ನು ಬಾಧಿಸದು. ಒಂದೊಂದು ವಂಶದೊಳಗೂ ಉಪಭೇದಗಳುಂಟು. ರೋಗನಿರೋಧಕ ತಳಿಯು ಶಿಲೀಂಧ್ರದ ಯಾವುದೋ ಒಂದು ಪ್ರೋಟೀನನ್ನು ಗುರುತಿಸಿ ತನ್ನ ರಕ್ಷಣೆಗೆ ತೊಡಗುತ್ತದೆ. ಆ ಪ್ರೋಟೀನನ್ನು ನಿರ್ಧರಿಸುವ ವಂಶವಾಹಿ ಬದಲಾದರೆ ಅಥವಾ ಲೋಪವಾದರೆ ಗುರುತು ತಪ್ಪುತ್ತದೆ. ಹೀಗೆ ಬದಲಾದ ಬೀಜಕಣಕ್ಕೆ ಸುತ್ತಲೂ ಒಂದೇ ತಳಿ ದೊರೆತರೆ ಅದರ ಹರಡುವಿಕೆಗೆ ತಡೆಯೇ ಇಲ್ಲ.

ಈ ವಂಶಗಳು ಹೊಸ ಬೆಳೆಗೂ ಹೊಸ ನಾಡಿಗೂ ಹೊರಳಬಲ್ಲವು. 1985ರಲ್ಲಿ ಬ್ರೆಜಿಲ್‌ನಲ್ಲಿ ಗೋಧಿಗೆ ಬೆಂಕಿರೋಗ ಮೊದಲಬಾರಿಗೆ ಕಾಣಿಸಿಕೊಂಡಿತು. 2016ರಲ್ಲಿ ಅದು ಬಾಂಗ್ಲಾದೇಶದ ಸುಮಾರು 15,000 ಹೆಕ್ಟೇರ್ ಗೋಧಿಯನ್ನು ಆವರಿಸಿತು. ವಂಶವಾಹಿಗಳ ತುಲನೆಯಿಂದ ಆ ಶಿಲೀಂಧ್ರದ ಮೂಲ ದಕ್ಷಿಣ ಅಮೆರಿಕವೆಂದು ತಿಳಿದುಬಂದಿತು.

ಹಾಗಾದರೆ ಪರಿಹಾರವೇನು? ನಾಟಿ ತಳಿಗಳೆಲ್ಲವೂ ರೋಗವನ್ನು ತಡೆಯಬಲ್ಲವೆಂಬ ಭಾವನೆ ಜಾನಪದ ವಿದ್ವಾಂಸರಾದ ನಮ್ಮಲ್ಲಿ ಬಲವಾಗಿದೆ. ಅದು ಸರಿಯಲ್ಲ. ಚೀನಾದ ಯುನ್ನಾನ್ ಪ್ರಾಂತದಲ್ಲಿ ಜನ ಮೆಚ್ಚಿ ಉಣ್ಣುವ ಸಾಂಪ್ರದಾಯಿಕ ಜಿಗುಟು ಅಕ್ಕಿಯ ತಳಿಗಳು ಬೆಂಕಿರೋಗಕ್ಕೆ ಬೇಗನೆ ತುತ್ತಾಗುತ್ತಿದ್ದವು. ಅವುಗಳನ್ನು ರೋಗನಿರೋಧಕ ಸಂಕರ ಭತ್ತದ ಸಾಲುಗಳ ನಡುವೆ ನೆಟ್ಟಾಗ, ಅವುಗಳಲ್ಲಿ ರೋಗದ ತೀವ್ರತೆ ಶೇ. 94ರಷ್ಟು ತಗ್ಗಿತೆಂದು 2000ದಲ್ಲಿ ಪ್ರಕಟವಾದ ಅಧ್ಯಯನ ದಾಖಲಿಸಿದೆ. ಇಲ್ಲಿ ಕಾಪಾಡಿದ್ದು ತಳಿಯ ಪ್ರಾಚೀನತೆಯಲ್ಲ, ತಳಿಗಳ ಸಹವಾಸ. ನಮ್ಮ ರಾಗಿ ಹೊಲದ ಅಕ್ಕಡಿ ಸಾಲು ಬೇರೆ ಬೇರೆ ಬೆಳೆಗಳ ಸಹವಾಸ. ಯುನ್ನಾನಿನದು ಒಂದೇ ಬೆಳೆಯ ತಳಿಗಳ ಸಹವಾಸ. ಇವೆರಡನ್ನೂ ಒಂದೆಂದು ಭಾವಿಸಲಾಗದು.

ಆದ್ದರಿಂದ ರಾಗಿ, ಭತ್ತಗಳ ತಳಿಹೆಸರುಗಳನ್ನು ಹಾಡು, ಕಥೆಗಳಿಂದ ಸಂಗ್ರಹಿಸುವಾಗ ನಾವು ಆ ಬೀಜ ಯಾರ ಮನೆಯಲ್ಲಿ ಉಳಿದಿದೆ, ಯಾವ ರೋಗಕ್ಕೆ ಬಗ್ಗುತ್ತದೆ ಎಂಬುದನ್ನೂ ಕೇಳಿ ದಾಖಲಿಸಬೇಕಾಗಿದೆ. ರೋಗಾಣು ತನ್ನ ವೈವಿಧ್ಯವನ್ನು ತಾನೇ ಕಾಯ್ದುಕೊಳ್ಳುತ್ತದೆ. ಬೆಳೆಯ ವೈವಿಧ್ಯವನ್ನು ಮನುಷ್ಯನೇ ಕಾಯಬೇಕು. ಬೀಜ ಅಳಿದ ಮೇಲೆ ಹಾಡಿನಲ್ಲಿ ಉಳಿಯುವುದು ಹೆಸರು ಮಾತ್ರ.